ಕಾಲು ಹಿಂದಕ್ಕೆ ಎಳೀಬೇಡ

ಹಿಂಡಿಯ ವಾಸನೆ — ಕಿಟಕಿಯಿಂದ ಒಳಗೆ ಬಂತು ಅಂದರೆ ಚಳ್ಳಕೆರೆ ಬಂತು ಅಂತಲೇ, ಎಣ್ಣೆ ಮಿಲ್ಲುಗಳ ಬೆಚ್ಚಗಿನ ಶೇಂಗಾ ವಾಸನೆ, ಕಣ್ಣು ಮುಚ್ಚಿಕೊಂಡಿದ್ದರೂ ಊರು ತಪ್ಪೋದಿಲ್ಲ, ಗಾದ್ರಪ್ಪ ಕಣ್ಣು ತೆರೆಯಲಿಲ್ಲ, ಇಲ್ಲಿ ಇಳಿಯಬೇಕು, ಮನೆ ಇಲ್ಲೇ, ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ, ಮೂರು ದಿನದ ಬೆವರು ಕುಡಿದ ಟ್ರ್ಯಾಕ್ ಸೂಟು ಬ್ಯಾಗಿನಲ್ಲಿ ಮುದ್ದೆಯಾಗಿ ಬಿದ್ದಿದೆ, ಹೆಂಡತಿ ಗೀತಮ್ಮ ನೀರು ಕಾಯಿಸಿಟ್ಟಿರುತ್ತಾಳೆ, ಹೆಂಗಿತ್ರೀ ಟ್ರೈನಿಂಗು ಅಂತ ಕೇಳುತ್ತಾಳೆ, ಏನಂತ ಹೇಳೋದು — ಕಂಡಕ್ಟರ್ ಬಂದು ಭುಜ ಮುಟ್ಟಿದ, ಮೇಷ್ಟ್ರೇ ಚಳ್ಳಕೆರೆ, ಇಳೀರಿ, ಅಂದ. ಇಲ್ಲಪ್ಪ ಮೊಳಕಾಲ್ಮೂರಿಗೆ ಒಂದು ಕೊಡು, ಅಂದಿತು ಬಾಯಿ, ತನ್ನದೇ ಬಾಯಿ, ಗಾದ್ರಪ್ಪನನ್ನು ಕೇಳದೆ. ಆರು ವರ್ಷದಲ್ಲಿ ಆ ಊರಿನ ಕಡೆ ಮುಖ ಹಾಕಿಲ್ಲ, ಎರಡು ಮದುವೆ ತಪ್ಪಿಸಿದ್ದಾನೆ, ಎಲೆಕ್ಷನ್ ಡ್ಯೂಟಿ ಅಲ್ಲಿಗೆ ಬಿದ್ದಾಗ ಸೊಂಟನೋವು ಅಂತ ಚೀಟಿ ಬರೆಸಿ ಬೇರೆ ಕಡೆ ಹಾಕಿಸಿಕೊಂಡಿದ್ದಾನೆ. ಈಗ ಇವತ್ತೇ ಯಾಕೆ, ಸ್ನಾನ ಮಾಡಿ ಉಂಡು ಭಾನುವಾರ ಹೋದರಾಗದೇ — ಭಾನುವಾರ ಹೋಗೋದಿಲ್ಲ ಅಂತ ಅವನಿಗೇ ಗೊತ್ತು. ಬಸ್ಸು ಬಿಟ್ಟಿತು.

ಚಿತ್ರದುರ್ಗದಲ್ಲಿ ಮೂರು ದಿನ, ಜಿಲ್ಲೆಯ ಪಿ.ಟಿ. ಮೇಷ್ಟ್ರುಗಳನ್ನೆಲ್ಲ ಗುಡ್ಡೆ ಹಾಕಿ ಫುಟ್‌ಬಾಲು ಕಲಿಸೋದು ಹೆಂಗೆ ಅಂತ ಕಲಿಸಿದರು, ಹೊಟ್ಟೆ ಬಂದವರು, ತಲೆ ನೆರೆತವರು, ಎಲ್ಲರೂ ಎರಡು ಸಾಲಾಗಿ ಎದುರುಬದುರು ನಿಂತು ಹುಡುಗರ ಹಾಗೆ ಒದೆಯೋದು, ತಡೆಯೋದು. ಹೇಳಿಕೊಡಲು ಬಂದವನು ಧಾರವಾಡ ಕಡೆಯವನು, ಮೂವತ್ತೂ ತುಂಬಿರಲಿಕ್ಕಿಲ್ಲ. ಗಾದ್ರಪ್ಪನ ಮೊಣಕಾಲ ಕೆಳಗಿನ ಮೂಳೆಗೆ ಬಡಿದು ಬಾಲು ನಾಲ್ಕು ಮಾರು ದೂರ ಹೋಯಿತು, ಮತ್ತೆ ಒದ್ದರು, ಮತ್ತೆ ಹೋಯಿತು, ಆ ತರುಣ ಹತ್ತಿರ ಬಂದು ಬಗ್ಗಿ ಇವನ ಪಾದ ಹಿಡಿದ — ಸರ, ಕಾಲು ಬಿಗಿ ಹಿಡೀಬ್ಯಾಡ್ರಿ, ಗ್ವಾಡಿ ಆಗಬ್ಯಾಡ್ರಿ, ಗ್ವಾಡಿಗೆ ಬಡದ ಬಾಲು ಗ್ವಾಡಿ ಹತ್ರ ನಿಲ್ಲಂಗಿಲ್ಲ, ಬಾಲು ತಾಗೂ ಹೊತ್ತಿಗೆ ಕಾಲು ಅದರ ಸಂಗಾಟ ಒಂದೀಟು ಹಿಂದಕ್ಕ ಬರಬೇಕು, ಹಿಂದಕ್ಕ ಎಳಕೋರಿ, ಹೆದರಬ್ಯಾಡ್ರಿ. ಹಿಂದಕ್ಕೆ. ಎಳಕೋರಿ. ಮುಂದಿನ ಬಾಲು ಬಂತು, ಗಾದ್ರಪ್ಪ ಪಾದದ ಒಳಬದಿ ತೋರಿಸಿ ಅದು ಮುಟ್ಟಿತು ಅನ್ನುವಾಗ ಹಿಂದಕ್ಕೆ ಎಳೆದುಕೊಂಡ, ಬಾಲು ಸದ್ದಿಲ್ಲದೆ ಅಲ್ಲೇ ಕಾಲ ಬುಡದಲ್ಲಿ ಕೂತಿತು, ಪಕ್ಕದವರು ಚಪ್ಪಾಳೆ ತಟ್ಟಿದರು, ಶಭಾಷ್ ಗಾದ್ರಪ್ಪನೋರೇ. ನೀರು ಕುಡಿದು ಬರ್ತೀನಿ ಅಂತ ಹೋಗಿ ಟ್ಯಾಂಕಿನ ಹಿಂದೆ ಕೂತವನಿಗೆ ಎದ್ದು ಬರಲು ಅರ್ಧ ಗಂಟೆ ಬೇಕಾಯಿತು.

ತಳಕು ದಾಟಿತು. ಕುರಿಹಿಂಡು ರಸ್ತೆಗೆ ಅಡ್ಡ, ಡ್ರೈವರ್ ಹಾರನ್ ಒತ್ತುತ್ತಾನೆ, ಕುರಿಗಳಿಗೆ ಅದರ ಗೊಡವೆ ಇಲ್ಲ. ತೊಂಬತ್ತೇಳರಲ್ಲಿ, ಮೊಳಕಾಲ್ಮೂರಿನ ಶಾಲೆಯಲ್ಲಿದ್ದಾಗ, ಇದು ಗೊತ್ತಿರಲಿಲ್ಲವಲ್ಲ, ಯಾರಿಗೆ ಗೊತ್ತಿತ್ತು, ತಾನು ಕಬಡ್ಡಿ ಆಡಿದೋನು, ಪ್ರತಿ ತಾಲ್ಲೂಕಿನಿಂದ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮು ಬರಲೇಬೇಕು ಅಂತ ಮೇಲಿನಿಂದ ಕಾಗದ ಬಂತು, ಹೆಡ್‌ಮಾಸ್ಟರು ಅದನ್ನು ಇವನ ಕೈಗೆ ತುರುಕಿದರು, ಹನ್ನೆರಡು ಹುಡುಗಿಯರು, ಒಂದೇ ಬಾಲು, ಬರಿಗಾಲು, ಹುಲ್ಲಿನ ಎಸಳಿಲ್ಲದ ಕಲ್ಲುನೆಲ. ಗೊತ್ತಿದ್ದದ್ದು ಒಂದೇ ಮಾತು — ತುಳಿ, ತುಳಿದು ನಿಲ್ಸು, ಕಾಲು ಗಟ್ಟಿ ಮಾಡು. ಹುಡುಗಿಯರು ಗಟ್ಟಿ ಮಾಡಿದರು, ಬಾಲು ಸಿಡಿದು ಬೇಲಿಗೆ ಹೋಗುತ್ತಿತ್ತು, ತರಲು ಓಡುತ್ತಿದ್ದರು, ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದರು. ಒಬ್ಬಳನ್ನು ಬಿಟ್ಟು. ಒಂಬತ್ತನೇ ಕ್ಲಾಸಿನ ಜ್ಯೋತಿಲಕ್ಷ್ಮಿ, ರೇಷ್ಮೆ ಸೀರೆ ನೇಯುವ ಸೂರಪ್ಪನ ಒಬ್ಬಳೇ ಮಗಳು, ತೆಳ್ಳಗೆ, ಮಾತು ಕಮ್ಮಿ, ಮನೇಲಿ ತೆಲುಗು, ಶಾಲೇಲಿ ಕೇಳಿದಷ್ಟಕ್ಕೆ ಕನ್ನಡ. ಬಾಲು ಬರುವಾಗ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಹೆದರಿಕೆ ಅಂದುಕೊಂಡ. ಅಷ್ಟೇ. ಹೆದರಿಕೆ ಬಿಡಿಸಬೇಕು ಅಂದುಕೊಂಡ, ಒಳ್ಳೇದಕ್ಕೇ —

ಇಲ್ಲ. ಅಷ್ಟೇ ಅಲ್ಲ ಕಣಯ್ಯಾ ಗಾದ್ರಪ್ಪ, ಈ ಬಸ್ಸಿನಲ್ಲಿ ಯಾರಿಗೆ ಹೇಳುತ್ತಿದ್ದೀ ಈ ಸುಳ್ಳು, ಕಾಣುತ್ತಿತ್ತಲ್ಲ ಕಣ್ಣಿಗೆ, ಹನ್ನೊಂದು ಜನರ ಬಾಲು ಬೇಲಿಗೆ ಹೋಗುತ್ತಿತ್ತು, ಅವಳದು ಕಾಲ ಹತ್ತಿರವೇ ಇರುತ್ತಿತ್ತು. ಅವತ್ತು ಮಧ್ಯಾಹ್ನ ಹೆಡ್‌ಮಾಸ್ಟರು ವರಾಂಡದಲ್ಲಿ ನಿಂತು ನೋಡಿ, ಆ ಹುಡುಗಿ ಚೆನ್ನಾಗಿ ಹಿಡೀತಾಳಲ್ರೀ, ನೀವು ಕಲ್ಸಿದ್ರಾ, ಅಂದರು, ಗಾದ್ರಪ್ಪ ಹ್ಞೂಂ ಅನ್ನಲಾರದೆ ಊಂಹೂಂ ಅನ್ನಲಾರದೆ ನಕ್ಕ, ಅವರು ಒಳಗೆ ಹೋದ ಮೇಲೆ ಆ ನಗು ಹೊಟ್ಟೆಯೊಳಗೆ ಹುಳಿಯಾಯಿತು. ಮಿಕ್ಕವರನ್ನು ಸುತ್ತ ನಿಲ್ಲಿಸಿದ. ಅವಳನ್ನು ಐದು ಹೆಜ್ಜೆ ದೂರದಲ್ಲಿ ನಿಲ್ಲಿಸಿದ. ಕಾಲಲ್ಲಿ ಕ್ಯಾನ್ವಾಸ್ ಶೂ ಇದ್ದದ್ದು ಅವನೊಬ್ಬನಿಗೆ. ಕಾಲು ಹಿಂದಕ್ಕೆ ಎಳೀಬೇಡ, ಎಳೆದ್ರೆ ಟೀಮಿಂದ ತೆಗೆದು ಹಾಕ್ತೀನಿ, ಅಂದ, ಒದ್ದ. ಎಳೆದುಕೊಂಡಳು. ಎಳೀಬೇಡ ಅಂದ್ನಲ್ಲ, ಕಿವಿ ಕೇಳ್ಸಲ್ವಾ, ಒದ್ದ. ಮತ್ತೆ ಎಳೆದುಕೊಂಡಳು, ಹುಡುಗಿಯರು ಕಿಸಕ್ಕೆಂದರು, ಒದ್ದ, ಇನ್ನೂ ಜೋರಾಗಿ. ಆಮೇಲೆ ಅವಳು ಎಳೆದುಕೊಳ್ಳಲಿಲ್ಲ. ಕಲಿತಳು. ಸೌದೆ ಸೀಳಿದಂಥ ಸದ್ದು ಬರೋತನಕ.

ಹಾನಗಲ್ ಹತ್ತಿರ ಬಸ್ಸು ಬಲಕ್ಕೆ ಹೊರಳಿತು, ಗುಡ್ಡದ ಬಂಡೆಗಳು ಒಂದರಮೇಲೊಂದು ಕೂತಿವೆ, ಬಿಸಿಲು ಅವುಗಳ ಮೇಲೆ. ಆಸ್ಪತ್ರೆಗೆ ಒಯ್ಯಬೇಕಿತ್ತು. ಒಯ್ದರೆ ಹೆಂಗಾಯ್ತು ಅಂತ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಅದಕ್ಕೇ ಟಿವಿಎಸ್ ಮೇಲೆ ಕೂರಿಸಿಕೊಂಡು ಸಿದ್ದಾಪುರದ ಆಚೆ ಮೂಳೆಗೆ ಕಟ್ಟು ಹಾಕುವ ಯತ್ತಪ್ಪನ ಹತ್ತಿರ ಹೋದ, ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡಿದ್ದಳು. ಮಿಕ್ಕ ಹುಡುಗಿಯರನ್ನು ಬಾಯಿ ಬಿಡಬಾರದು ಅಂತ ಹೊರಡುವಾಗಲೇ ಗದರಿಸಿದ್ದ. ಯಾರಾದ್ರೂ ಕೇಳಿದ್ರೆ ಓಡುವಾಗ ಬಿದ್ದೆ ಅನ್ನು, ಆಯ್ತಾ ಮಗಾ, ಅಂದ. ಆಯ್ತು ಸಾರ್, ಅಂದಳು. ಮಗಾ ಅಂದಿದ್ದ, ಹೌದು, ಆ ಹೊತ್ತಿಗೆ ಅವಳು ಮಗಳಾಗಿದ್ದಳು. ಯತ್ತಪ್ಪ ಮೊಟ್ಟೆ ಹಚ್ಚಿ ಬಿದಿರು ದಬ್ಬೆ ಇಟ್ಟು ಕಟ್ಟಿದ, ಮೂಳೆ ಕೂಡಿತು, ಸೊಟ್ಟ ಕೂಡಿತು. ಸೂರಪ್ಪ ಶಾಲೆಗೇ ಬಂದು ಇವನ ಎರಡೂ ಕೈ ಹಿಡಿದುಕೊಂಡಿದ್ದ, ನಿಮ್ಮಂಥೋರು ಯಾರು ಮಾಡ್ತಾರೆ ಸಾರ್, ಗಾಡಿ ಮೇಲೆ ಹೊತ್ಕಂಡು ಹೋದ್ರಿ. ಮೂರೇ ತಿಂಗಳಲ್ಲಿ ಗಾದ್ರಪ್ಪ ಚಳ್ಳಕೆರೆಗೆ ವರ್ಗ ಮಾಡಿಸಿಕೊಂಡ.

ಇಳಿದ. ಬೀದಿ ಬದಲಾಗಿಲ್ಲ, ಮನೆಮನೆಯಿಂದ ಮಗ್ಗದ ಲಟಪಟ, ಹಿಂತಿರುಗಿ ಹೋಗುವ ಬಸ್ಸು ಇನ್ನೂ ನಿಂತೇ ಇದೆ, ಹತ್ತಬಹುದು, ಕಾಲು ಹೋಗುತ್ತಲೇ ಇದೆ. ಸೂರಪ್ಪ ಗುಂಡಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದವನು ಬಾಗಿಲಲ್ಲಿ ನೆರಳು ಬಿದ್ದದ್ದು ನೋಡಿ ಕಣ್ಣು ಕಿರಿದು ಮಾಡಿದ, ಆಮೇಲೆ ಮುಖವೆಲ್ಲ ಅರಳಿತು — ಏಮೇ, ಮೇಷ್ಟ್ರು ವಚ್ಚಿನಾರು, ಅಂತ ಇವನು ಬಂದದ್ದನ್ನು ತೆಲುಗಿನಲ್ಲಿ ಹೆಂಡತಿ ಓಬಕ್ಕನಿಗೆ ಕೂಗಿ ಹೇಳಿ ಎದ್ದು ಬಂದ. ಓಬಕ್ಕ ನೀರಿನ ಚೊಂಬು ತಂದಳು, ಚಾಪೆ ಹಾಸಿದಳು. ಒಳಗೋಡೆಯ ಹತ್ತಿರ ರಾಟೆ ತಿರುಗುತ್ತಿತ್ತು, ದಾರ ಸುತ್ತುತ್ತಾ ಕೂತಿದ್ದವಳು ಏಳಲು ಹೋದಳು, ಗೋಡೆಗೆ ಕೈ ಕೊಟ್ಟು ಏಳಬೇಕು, ಬೇಡಮ್ಮ ಕೂತ್ಕ, ಅಂದ ಗಾದ್ರಪ್ಪ. ಇಪ್ಪತ್ತು ವರ್ಷದ ಹೆಣ್ಣುಮಗಳು. ಚೆನ್ನಾಗಿದೀರಾ ಸಾರ್, ಅಂದಳು. ಮಗ್ಗಕ್ಕೆ ಕೂರಂಗಿಲ್ಲ ಸಾರ್, ತುಳಿಯಾಕೆ ಆ ಕಾಲಲ್ಲಿ ಬಲ ಇಲ್ಲ, ಸುತ್ತೋ ಕೆಲ್ಸ ಮಾಡ್ತಾಳೆ, ಅಂದ ಸೂರಪ್ಪ, ದೂರೇನೂ ಇರಲಿಲ್ಲ ಅದರಲ್ಲಿ, ಅವತ್ತು ನೀವು ಇರಲಿಲ್ಲಾಂದ್ರೆ ಕಾಲೇ ಹೋಗ್ತಿತ್ತು, ಯಾರು ಬಂದ್ರೂ ಹೇಳ್ತೀನಿ. ಗಾದ್ರಪ್ಪ ಚೊಂಬು ಕೆಳಗಿಟ್ಟು ಆ ಹುಡುಗಿಯನ್ನೇ ಕೇಳಿದ, ಜ್ಯೋತೀ, ಬಾಲು ಹಂಗೆ ಹಿಡಿಯೋದು ನಿಂಗೆ ಯಾರು ಹೇಳಿಕೊಟ್ಟಿದ್ರು? ರಾಟೆ ನಿಧಾನವಾಯಿತು. ಯಾರೂ ಇಲ್ಲ ಸಾರ್, ಹಿಂದಕ್ಕೆ ತಗಂಡ್ರೆ ನೋಯ್ತಿರ್ಲಿಲ್ಲ, ಬಾಲೂ ಅಲ್ಲೇ ಇರ್ತಿತ್ತು. ಮತ್ಯಾಕಮ್ಮ ಕಾಲು ಬಿಗಿ ಹಿಡಿದೆ? ಅವಳು ಈ ಪ್ರಶ್ನೆಯೇ ವಿಚಿತ್ರ ಅನ್ನುವ ಹಾಗೆ ನೋಡಿದಳು — ನೀವು ಹೇಳಿದ್ರಲ್ಲ ಸಾರ್.

ಏನದು, ಅಂದಳು ಓಬಕ್ಕ, ಮೊದಲ ಸಲ ಬಾಯಿಬಿಟ್ಟು, ಏನ್ ಹೇಳಿದ್ರು? ಮಗಳು ತಲೆ ತಗ್ಗಿಸಿದಳು, ಆರು ವರ್ಷ ಅಪ್ಪ ಅವ್ವನ ಮುಂದೆ ಮೇಷ್ಟ್ರ ಸುಳ್ಳನ್ನು ಇವಳು ಕಾದುಕೊಂಡು ಕೂತಿದ್ದಳು ಅಂತ ಗಾದ್ರಪ್ಪನಿಗೆ ಆಗ ತಿಳಿಯಿತು, ಒಂದೇ ಒಂದು ಮಾತಿಗೆ, ಆಯ್ತಾ ಮಗಾ ಅಂದಿದ್ದಕ್ಕೆ. ಬಿದ್ದಿದ್ದಲ್ಲ, ಅಂದ. ಧ್ವನಿ ಸಣ್ಣಗಿತ್ತು, ಮತ್ತೆ ಹೇಳಿದ, ಬಿದ್ದಿದ್ದಲ್ಲ ಸೂರಪ್ಪ, ನಾನು ಒದ್ದಿದ್ದು, ಎದುರಿಗೆ ನಿಲ್ಲಿಸ್ಕಂಡು ಅವ್ಳ ಕಾಲಿಗೇ ಬಾಲು ಒದ್ದೆ, ಅವ್ಳು ಸರಿಯಾಗೇ ಹಿಡೀತಿದ್ಳು, ನಾನು ಬೇಡ ಅಂದೆ. ಆಸ್ಪತ್ರೆಗೂ ಅದಕ್ಕೇ ಒಯ್ಯಲಿಲ್ಲ. ಸುತ್ತಲಿನ ಮನೆಗಳ ಮಗ್ಗಗಳು ಬಡಿಯುತ್ತಿದ್ದವು, ಈ ಮನೆಯದು ಒಂದೇ ನಿಂತಿತ್ತು. ಓಬಕ್ಕ ಎದ್ದು ಮಗಳ ಹತ್ತಿರ ಹೋಗಿ ಅವಳ ಪಕ್ಕದಲ್ಲಿ ಕೂತಳು, ಇವನಿಗೆ ಬೆನ್ನು ಹಾಕಿ. ಸೂರಪ್ಪ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಬೈಯಲಿ, ಹೊಡೆಯಲಿ, ಬೀದಿ ಮಂದಿ ಸೇರಲಿ, ಅಂತ ಗಾದ್ರಪ್ಪ ಕಾಯುತ್ತಿದ್ದ, ಅದಾದರೂ ಆಗಲಿ — ಸೂರಪ್ಪ ತಲೆ ಎತ್ತಿದ, ಇನ್ನೂ ಏನೋ ಉಳಿಸಿಕೊಳ್ಳಲು ನೋಡುವವನ ಹಾಗೆ, ಇವನನ್ನಲ್ಲ, ಆರು ವರ್ಷ ಊರಿಗೆಲ್ಲ ಹೊಗಳಿದ ಒಬ್ಬ ಮನುಷ್ಯನನ್ನು. ಗೊತ್ತಿಲ್ದೆ ಆಗಿದ್ದು ಸಾರ್, ಮುರೀತು ಅಂತ ಗೊತ್ತಾದ ತಕ್ಷಣ ನಿಲ್ಲಿಸಿದ್ರಲ್ಲ.

ಹೌದು ಅಂದರೆ ಮುಗಿಯಿತು. ಹೌದು ಅಂದುಬಿಡು, ಬಸ್ಸು ಐತೆ, ಗೀತಮ್ಮ ಕಾಯ್ತಿರ್ತಾಳೆ, ಇದೊಂದು ಅವರಿಗೆ ಯಾಕೆ ಬೇಕು, ಇದು ಅವಳಿಗೂ ನೆನಪಿರಲಿಕ್ಕಿಲ್ಲ — ರಾಟೆಯ ಮುಂದಿನಿಂದ ಅವಳು ಇವನನ್ನೇ ನೋಡುತ್ತಿದ್ದಾಳೆ, ನೆನಪಿದೆ. ಅವತ್ತು ಆ ಸದ್ದು ಬಂತು, ಅವಳು ಒಂದು ಮಂಡಿಯೂರಿ ಕುಸಿದಳು, ನೆಲಕ್ಕೆ ಕೈಯೂರಿದಳು, ಹುಡುಗಿಯರ ನಗು ನಿಂತಿತು, ಬಾಲು ಉರುಳಿಕೊಂಡು ಗಾದ್ರಪ್ಪನ ಕಾಲ ಹತ್ತಿರಕ್ಕೇ ವಾಪಸ್ ಬಂತು, ಸದ್ದು ಕಿವಿಗೆ ಬಿದ್ದಿತ್ತು, ಏನು ಅಂತ ಗೊತ್ತಾಗಿತ್ತು, ಆದರೆ ಅವಳು ಎದ್ದಳು, ಎದ್ದು, ಅದೇ ಕಾಲನ್ನು, ಸಾರ್ ಹೇಳಿದ್ದು ಇನ್ನೂ ಮುಗಿದಿಲ್ಲ ಅಂತ, ಅದೇ ಕಾಲನ್ನು — ಇಲ್ಲ ಸೂರಪ್ಪ, ಅಂದ, ನಿಲ್ಲಿಸಲಿಲ್ಲ, ಇನ್ನೊಂದು ಸಲ ಒದ್ದೆ, ಅಂದ, ಆಮೇಲೆ ಸೂರಪ್ಪ ಏನಂದ, ಓಬಕ್ಕ ಯಾಕೆ ಎದ್ದಳು, ಯಾವುದೂ ಕಿವಿಗೆ ಬೀಳುತ್ತಿಲ್ಲ, ಬಿಸಿಲು, ಕಲ್ಲುನೆಲ, ಐದು ಹೆಜ್ಜೆ ದೂರ, ಧೂಳು ಮೆತ್ತಿದ ಐದು ಕಾಲ್ಬೆರಳು ಮೇಲಕ್ಕೆ ಮಾಡಿ, ಆ ಹುಡುಗಿ ಊದಿಕೊಳ್ಳುತ್ತಿರುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಇಡುತ್ತಿದ್ದಾಳೆ, ಎತ್ತಿ ಮುಂದಕ್ಕೆ ಇಡುತ್ತಿದ್ದಾಳೆ.