ಟೆಂಡರಿನೊಳಗಿನ ದಾರಿ

ಲಂಡನ್ನಿನಿಂದ ಎಡಿನ್‌ಬರೋಗೆ ಮುನ್ನೂರ ತೊಂಬತ್ಮೂರು ಮೈಲಿ. ಬೇಸಿಗೆಯ ಆ ಎಕ್ಸ್‌ಪ್ರೆಸ್ ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ಅಷ್ಟು ದೂರ ಉಗಿ ಎಂಜಿನ್ ನಡೆಸುವುದು ಒಂದೇ ಜೋಡಿ ಆಳುಗಳಿಂದ ಆಗದ ಮಾತು. ಆದ್ದರಿಂದ ಲಂಡನ್ನಿನ ಡ್ರೈವರ್ ಮತ್ತು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಅರ್ಧ ದಾರಿ ಓಡಿಸುವಾಗ ಎಡಿನ್‌ಬರೋದ ಇಬ್ಬರು ಮೊದಲ ಬೋಗಿಯಲ್ಲಿ ಕೂತಿರುತ್ತಿದ್ದರು. ಯಾರ್ಕ್ ದಾಟಿದ ಮೇಲೆ, ರೈಲು ಓಡುತ್ತಿರುವಾಗಲೇ, ಅದಲುಬದಲು. ಬೋಗಿಗೂ ಎಂಜಿನ್ನಿಗೂ ನಡುವೆ ಕಲ್ಲಿದ್ದಲು ಮತ್ತು ನೀರು ಹೊತ್ತ ಟೆಂಡರ್ ಇರುತ್ತದಲ್ಲ, ಅದರ ಒಂದು ಪಕ್ಕದಲ್ಲಿ ಓಣಿಯಂಥ ದಾರಿ. ಎತ್ತರ ಐದಡಿ, ಅಗಲ ಒಂದೂವರೆ ಅಡಿ.

ಎಡಿನ್‌ಬರೋದ ಡ್ರೈವರ್ ಡೂಗಲ್ ರೆನಿ ಆರಡಿ ಎರಡಂಗುಲದ ಆಳು. ವಯಸ್ಸು ಅರವತ್ತನಾಲ್ಕು. ಆ ವರ್ಷ, ೧೯೫೧ರಲ್ಲಿ, ವಸಂತದಿಂದಲೇ ಅವನ ಬಲ ಸೊಂಟದ ಕೀಲು ಹಿಡಿದುಕೊಳ್ಳುತ್ತಿತ್ತು. ಇದು ಗೊತ್ತಿದ್ದದ್ದು ಅವನ ಫೈರ್‌ಮನ್ ಟ್ಯಾಮ್ ಲೇಡ್ಲಾಗೆ ಮಾತ್ರ. ಟ್ಯಾಮ್ ಹಿಂದಿನಿಂದ ತಳ್ಳಿ ಅವನನ್ನು ಆಚೆ ದಾಟಿಸುತ್ತಿದ್ದ. ಎಂಜಿನ್ ಶೆಡ್ಡಿನ ಮೇಲಧಿಕಾರಿ ಫೋರ್‌ಮನ್‌ಗೆ ತಿಳಿದರೆ ಎಕ್ಸ್‌ಪ್ರೆಸ್ ಕೈತಪ್ಪಿ ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಕೆಲಸ.

ತಿಳಿಯಲಿ, ಆದರೆ ಇವತ್ತು ಬೇಡ ಎಂದುಕೊಂಡಿದ್ದ ಡೂಗಲ್. ಇವತ್ತು ಅದೇ ರೈಲಿನಲ್ಲಿ ಅವನ ಹೆಂಡತಿ ಎಫಿ ಇದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಅವನು ಓಡಿಸುವ ರೈಲಿನಲ್ಲಿ ಅವಳು ಒಮ್ಮೆಯೂ ಕೂತಿರಲಿಲ್ಲ. ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೋದವಳು ವಾಪಸು ಬರಲು ಇದೇ ರೈಲು ಆರಿಸಿದ್ದಳು. ಅವಳನ್ನು ತಾನೇ ಊರು ಮುಟ್ಟಿಸಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಯಾರ್ಕ್ ದಾಟಿತು. ಡೂಗಲ್ ಓಣಿಯ ಬಾಗಿಲಲ್ಲಿ ಬಗ್ಗಿದ. ಸೊಂಟ ಅರ್ಧಕ್ಕೆ ನಿಂತಿತು. ಟ್ಯಾಮ್ ತಳ್ಳಿದ. ಕಾಲು ಏಳಲಿಲ್ಲ.

"ಯಜಮಾನ್ರೇ, ಮುಂದಿಂದ ಇನ್ನೊಬ್ರು ಎಳೀಬೇಕು. ನಾನೊಬ್ನೇ ಎರಡೂ ಕಡೆ ಇರಕ್ಕಾಗಲ್ಲ."

"ಮುಚ್ಕೊಂಡು ತಳ್ಳೋ."

"ಯಾರನ್ನ ತಳ್ತಿದೀರಾ?" ಹಿಂದೆ ಎಫಿ ನಿಂತಿದ್ದಳು, ಕೈಯಲ್ಲಿ ಚಹಾದ ಫ್ಲಾಸ್ಕ್. ಗಂಡ ಕೆಲಸಕ್ಕೆ ಹೋಗುವ ಮೊದಲು ಒಂದು ಗುಟುಕು ಕೊಡೋಣವೆಂದು ಐದು ಬೋಗಿ ದಾಟಿ ಬಂದಿದ್ದಳು. ಅರ್ಧ ಬಗ್ಗಿ ನಿಂತ ಗಂಡನ ಮುಖ ನೋಡಿದಳು. "ಯಾವಾಗಿಂದ ಇದು?"

ಟ್ಯಾಮ್ ಹೇಳಿಬಿಟ್ಟ: "ನಾಕು ತಿಂಗಳಾಯ್ತು ಅಕ್ಕಾ. ಇವತ್ತು ದಾಟದೇ ಹೋದ್ರೆ ಲಂಡನ್ನವ್ರೇ ಕೊನೇವರೆಗೂ ಓಡಿಸ್ಬೇಕು. ಅಲ್ಲಿಗೆ ಎಲ್ರಿಗೂ ಗೊತ್ತಾಗತ್ತೆ."

ಎಫಿ ಫ್ಲಾಸ್ಕನ್ನು ಸೀಟಿನ ಮೇಲಿಟ್ಟಳು. "ಸರಿ. ಮುಂದೆ ನಾನು ಹೋಗ್ತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ? ಅಲ್ಲಿಗೆ ಪ್ಯಾಸೆಂಜರ್ ಹೋಗೋ ಹಂಗಿಲ್ಲ!"

"ನೀನು ಹೋಗೋ ಹಂಗಿದ್ಯಾ? ಭುಜ ಹಿಡ್ಕೋ."

ಅವಳ ಎತ್ತರ ನಾಲ್ಕಡಿ ಹತ್ತಂಗುಲ. ಇಡೀ ರೈಲಿನಲ್ಲಿ ಆ ಓಣಿಯೊಳಗೆ ತಲೆ ತಗ್ಗಿಸದೆ ನಡೆಯಬಲ್ಲವರು ಅವಳು ಮತ್ತು ಮಕ್ಕಳು ಅಷ್ಟೇ. ಡೂಗಲ್ ಅವಳ ಎರಡೂ ಭುಜ ಹಿಡಿದ. ಒಳಗೆ ಕತ್ತಲೆ, ಕಾಲಡಿ ಕಬ್ಬಿಣ ಕುಣಿಯುತ್ತಿತ್ತು, ಪಕ್ಕದ ತೊಟ್ಟಿಯಲ್ಲಿ ನೀರು ಡಬಡಬ ಬಡಿಯುತ್ತಿತ್ತು.

"ಮಗು ಕಿವಿ ನೋಡಿದ್ಯಾ?" ಅವಳು ಕೂಗಿ ಕೇಳಿದಳು. "ನಿನ್ನದೇ. ಜಗ್ಗಿನ ಹಿಡಿ ಹಂಗೆ."

"ನನ್ನ ಕಿವಿಗೇನಾಗಿದೆ?"

"ಕಾಲು ಎತ್ತು. ಏನಾಗಿಲ್ಲ, ಮದುವೆಗೆ ಮುಂಚೆ ನೀನು ಟೋಪಿ ಹಾಕ್ಕೊಂಡಿರ್ತಿದ್ದೆ, ನಂಗೆ ಗೊತ್ತಾಗ್ಲಿಲ್ಲ. ಇನ್ನೊಂದು ಹೆಜ್ಜೆ."

ಹಿಂದೆ ಟ್ಯಾಮ್ ನಗುತ್ತ ತಳ್ಳಿದ. ಮೂವರೂ ಎಂಜಿನ್ನಿನ ಬೆಳಕಿಗೆ ಬಂದರು.

ಲಂಡನ್ನಿನ ಡ್ರೈವರ್ ಪರ್ಸಿ ತಿರುಗಿ ನೋಡಿ ಬಾಯಿ ತೆರೆದ. "ಏನಯ್ಯಾ ಡೂಗಲ್, ಫೈರ್‌ಮನ್ ಬದಲಾಯಿಸ್ದ್ಯಾ?"

"ಇಲ್ಲ. ಇವಳು ನಮ್ಮನೆ ಫೋರ್‌ಮನ್."

ಪರ್ಸಿ ಎದ್ದು ಸೀಟು ಬಿಟ್ಟುಕೊಟ್ಟ. ಡೂಗಲ್ ಕೂತು ಹಿಡಿಕೆಯ ಮೇಲೆ ಕೈಯಿಟ್ಟ. ಅವನ ಬೆನ್ನು ನೆಟ್ಟಗಾಯಿತು. ಮುಂದಿನ ಸಣ್ಣ ಗಾಜಿನಲ್ಲಿ ಹಳಿಗಳು ಗಂಟೆಗೆ ಎಪ್ಪತ್ತು ಮೈಲಿಯಲ್ಲಿ ಓಡಿಬರುತ್ತಿದ್ದವು. ಎಫಿ ಹಳಿ ನೋಡಲಿಲ್ಲ, ಗಂಡನನ್ನು ನೋಡಿದಳು. ಮನೆಯಲ್ಲಿ ಅವಳು ಎಂದೂ ಕಾಣದ ಮುಖ ಅದು.

"ಮನೇಲಿ ಯಾಕೆ ಕಿರುಚ್ತೀಯ ಅಂತ ಮೂವತ್ತೆಂಟು ವರ್ಷ ನಾನು ಕೇಳ್ತಿದ್ದೆ," ಅವನ ಕಿವಿಯ ಹತ್ತಿರ ಬಂದು ಹೇಳಿದಳು. "ಈ ಸದ್ದು ಕೇಳಿ ಈಗ ಗೊತ್ತಾಯ್ತು."

"ನಡೀರಮ್ಮ," ಎಂದ ಪರ್ಸಿ. "ನಾವ್ಯಾರೂ ಏನೂ ನೋಡಿಲ್ಲ." ಅವನೂ ಅವನ ಫೈರ್‌ಮನ್ನೂ ಅವಳನ್ನು ಬೋಗಿಗೆ ಕರೆದೊಯ್ದರು.

ರೈಲು ಎಡಿನ್‌ಬರೋಗೆ ಒಂದು ನಿಮಿಷ ಮುಂಚೆ ಬಂತು. ಜನ ಇಳಿದು ಹೋದ ಮೇಲೆ ಎಫಿ ಪೆಟ್ಟಿಗೆ ಹಿಡಿದು ಎಂಜಿನ್ ಬಳಿ ಬಂದಳು. ಟ್ಯಾಮ್ ತೋಳು ಹಿಡಿದು ಡೂಗಲ್‌ನನ್ನು ಇಳಿಸುತ್ತಿದ್ದ.

"ನಾಳೆ ಶೆಡ್ಡಿಗೆ ಹೋಗಿ ಫೋರ್‌ಮನ್‌ಗೆ ನಾನೇ ಹೇಳ್ತೀನಿ," ಎಂದ ಡೂಗಲ್. "ಇನ್ನು ಸಾಕು."

"ನಾನೇನೂ ಹೇಳ್ಲಿಲ್ವಲ್ಲ."

"ಹೇಳ್ಲಿಲ್ಲ. ಒಳಗೆ ನಿನ್ನ ಭುಜ ನಡುಗ್ತಿತ್ತು."

"ಬಂಡಿ ಅಲುಗಾಡ್ತಿತ್ತು."

"ಎಫಿ," ಎಂದ ಅವನು, ಮೊದಲ ಸಲ ದನಿ ತಗ್ಗಿಸಿ, "ಬಂಡಿ ಹೆಂಗೆ ಅಲುಗಾಡತ್ತೆ ಅಂತ ನಂಗೆ ಗೊತ್ತಿಲ್ವಾ?"