ಬೂದು ಗೆರೆಗಳ ಎಡಗಣ್ಣು

ಫ್ಯಾನಿನ ಗಾಳಿಗೆ ಚಿತ್ರದ ಮೂಲೆ ಏಳುತ್ತದೆ, ಬೀಳುತ್ತದೆ, ಪ್ರೊಫೆಸರ್ ಸಾಂತರೆಲ್ಲಿ ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟು, ಇಲ್ಲಿಂದ ಶುರುಮಾಡಮ್ಮ ಒಂಬ್ರೆತ್ತಾ ಅಂದರು — ಶಾಲೆಯ ಕಡೆಯ ಮೌಖಿಕ ಪರೀಕ್ಷೆ, ಮುಂದಿಟ್ಟ ಚಿತ್ರದಿಂದಲೇ ಮಾತು ಎತ್ತಬೇಕು, ಇಷ್ಟು ಚಿತ್ರಗಳಲ್ಲಿ ಇದೇ ಬರಬೇಕಿತ್ತೇ, ಅವಳ ಊರ ಚರ್ಚಿನ ಗೋಡೆಚಿತ್ರದ ಮರಿಯಾ ಮಾತೆ, ಭೂಕಂಪದಲ್ಲಿ ಚೂರಾಗಿ, ಮರಳು ತುಂಬಿದ ತಟ್ಟೆಗಳ ಮೇಲೆ ಎಂಟು ವರ್ಷ ಚೂರುಚೂರಾಗಿ ಜೋಡಣೆಗೊಂಡವಳು, ಎಡಗಣ್ಣಿನ ಜಾಗದಲ್ಲಿ ಮಾತ್ರ ಸಣ್ಣ ಬೂದು ಗೆರೆಗಳು, ಸಿಗದ್ದನ್ನು ಊಹಿಸಿ ಬಳಿಯಬಾರದು, ಗೆರೆ ಎಳೆದು ಇಲ್ಲವೆಂದು ಒಪ್ಪಿಕೊಳ್ಳಬೇಕು, ಇದನ್ನು ತರಗತಿಯಲ್ಲಿ ಹೇಳಿಕೊಟ್ಟವರೂ ಸಾಂತರೆಲ್ಲಿಯವರೇ, ಅವಳು ನೋಟ್ಸಿನಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದ್ದಳು, ಪೆನ್ಸಿಲ್ ಚೀಲದ ತಳದಲ್ಲಿ ಆ ಕಣ್ಣಿನ ಚೂರು ಇಟ್ಟುಕೊಂಡೇ. ಚರ್ಚು ಗುಡಿಸುತ್ತಿದ್ದ ಅಜ್ಜಿ ಝೆಲಿಂದಾ, ಮಾತೆಯ ಜೊತೆ ನೆರೆಮನೆಯವಳಂತೆ ಹರಟುವವಳು, ನಮ್ಮಿಬ್ಬರಿಗೂ ವಯಸ್ಸಾಯ್ತು ಕಣೇ, ನಿನಗೆ ಬಣ್ಣ ಐತೆ, ನನಗೆ ಅದೂ ಇಲ್ಲ, ಅವತ್ತು ಪಾದ್ರಿ ಬೇಡವೆಂದರೂ ಏಣಿ ಹತ್ತಿ, ಬ್ರೆಡ್ಡಿನ ತಿರುಳು ಉಂಡೆ ಮಾಡಿ, ಮುಖಕ್ಕೆ ಮೆತ್ತಿದ್ದ ಮೇಣದಬತ್ತಿಯ ಮಸಿ ಒರೆಸುತ್ತಿದ್ದಳು, ಒಂಬ್ರೆ, ಬಾರೇ ಇಲ್ಲಿ, ಏಣಿ ಹಿಡ್ಕೋ, ಕಣ್ಣು ಕಾಣ್ತೈತೆ ನೋಡು — ಹತ್ತು ವರ್ಷದ ಒಂಬ್ರೆತ್ತಾ ಹೊರಗೆ ಮೆಟ್ಟಿಲ ಮೇಲೆ ಐಸ್ಕ್ರೀಮು ನೆಕ್ಕುತ್ತಾ, ಐದು ನಿಮಿಷ ಅಜ್ಜೀ, ಐದು ನಿಮಿಷ, ನೆಲ ನಡುಗಿತು, ಕಲ್ಲಿನ ಸದ್ದು, ಧೂಳು, ಕೈಮೇಲೆ ಕರಗಿದ ಐಸ್ಕ್ರೀಮು ಅಂಟಂಟು, ಇವತ್ತಿಗೂ ಅಂಟಂಟು, ಅಗ್ನಿಶಾಮಕದವರು ಹೊತ್ತು ತಂದ ಉಸಿರಿಲ್ಲದ ಅಜ್ಜಿಯ ಮುಷ್ಟಿ ಬಿಗಿದಿತ್ತು, ಒಂಬ್ರೆತ್ತಾ ಬೆರಳು ಒಂದೊಂದಾಗಿ ಬಿಡಿಸಿದಳು, ಒಳಗೆ ಉಗುರಿನಗಲದ ಗಾರೆಯ ಚೂರು, ಅದರಲ್ಲಿ ಕಣ್ಣು. ಆಮೇಲೆ ಊರವರೆಲ್ಲ ಚೂರು ಹೆಕ್ಕಿ ಜೋಡಿಸುವವರಿಗೆ ಕೊಟ್ಟರು, ಅಪ್ಪ ಒಂದು ಡಬ್ಬಿ ತುಂಬ ಕೊಟ್ಟ, ನಿನ್ನ ಹತ್ರ ಏನಾದ್ರೂ ಐತೇನೇ, ಇಲ್ಲಪ್ಪ.

ಮಸಿ ಇದ್ದುದರಿಂದ ಹಳೆಯ ಫೋಟೋಗಳಲ್ಲೂ ಕಾಣದು, ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಯಾರಿಗೂ ಗೊತ್ತಿಲ್ಲ, ನಿನಗೇನನ್ನಿಸುತ್ತೆ, ಕೇಳುತ್ತಿರುವುದು ಸಾಂತರೆಲ್ಲಿ, ಅನ್ನಿಸುವುದೇನು, ಅವಳಿಗೆ ಗೊತ್ತು, ಇವತ್ತು ಇಲ್ಲ ಅಂದರೆ ಇನ್ನು ಜೀವನಪೂರ್ತಿ ಇಲ್ಲ ಅನ್ನುತ್ತಲೇ ಇರಬೇಕು, ಕೊಟ್ಟರೆ ಅಜ್ಜಿಯ ಕೈಯನ್ನೂ ಕೊಟ್ಟಂತೆ, ಚೀಲದ ಜಿಪ್ಪು ಎಳೆಯುವ ಸದ್ದು ತನಗೇ ಜೋರಾಗಿ ಕೇಳುತ್ತದೆ, ಕರವಸ್ತ್ರದ ಗಂಟು, ಬೂದು ಗೆರೆಗಳ ಮೇಲೆ ಚೂರನ್ನು ಇಡುತ್ತಾಳೆ, ಸಾಂತರೆಲ್ಲಿ ಕುರ್ಚಿಯಿಂದ ಏಳುತ್ತಾರೆ, ಏನೋ ಕೇಳುತ್ತಾರೆ, ತೆರೆದಿದೆ ಸರ್, ಅಂದಳೋ, ಅಂದುಕೊಂಡಳೋ — ತೆರೆದಿದೆ, ಮಡಿಲ ಕೂಸಿನ ಕಡೆಗಲ್ಲ, ಪಕ್ಕಕ್ಕೆ ಹೊರಳಿದೆ, ಚರ್ಚಿನ ಬಾಗಿಲ ಕಡೆಗೆ, ಹೊರಗಿನ ಮೆಟ್ಟಿಲ ಕಡೆಗೆ, ಆ ಕಣ್ಣು, ಐದು ನಿಮಿಷ ಅಜ್ಜೀ, ಆ ಕಣ್ಣು