ಮೂರು ಗೆಣ್ಣಿನ ಲೆಕ್ಕ

ಮಿರಜದ ಶಾಲೆಯೊಂದರಲ್ಲಿ ಗಣಿತ ಸ್ಪರ್ಧೆಯ ಕೊನೆಯ ಸುತ್ತು ನಡೆದಿತ್ತು. ಗೆದ್ದವರಿಗೆ ಪುಣೆಗೆ ಹೋಗುವ ಅವಕಾಶ. ಬೋರ್ಡಿನ ಮೇಲೆ 740318529657 ಎಂದು ಬರೆದಿತ್ತು. ಇದು ಅವಿಭಾಜ್ಯ ಸಂಖ್ಯೆಯೇ ಎಂಬುದು ಪ್ರಶ್ನೆ.

ಕೊನೆಗೆ ಉಳಿದ ಇಬ್ಬರು ಸ್ಪರ್ಧಿಗಳಲ್ಲಿ ಒಬ್ಬಳಾದ ಪ್ರಣಾಲಿ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಅಂಕಿಗಳನ್ನೆಲ್ಲ ಕೂಡಿದಳು. ಒಂದೊಂದು ಬೆರಳಿಗೆ ಮೂರು ಗೆಣ್ಣು. ಎಣಿಕೆ ಬೆರಳಿನ ಕೊನೆಯ ಗೆಣ್ಣಿಗೆ ಮುಗಿದರೆ ಆ ಸಂಖ್ಯೆ ಮೂರರಿಂದ ಭಾಗವಾಗುತ್ತದೆ.

"ಅವಿಭಾಜ್ಯ ಅಲ್ರಿ ಸರ್. ಮೂರರಿಂದ ಭಾಗ ಹೋಗತೈತಿ."

ತೀರ್ಪುಗಾರ ಭರತೇಶ ಹಿಂದಿನ ಸಾಲಿಗೆ ಬೊಟ್ಟು ಮಾಡಿದ. ಅಲ್ಲಿ ಅವಳ ಅಜ್ಜಿ ಪದ್ಮವ್ವನ ಹೆಬ್ಬೆರಳೂ ಗೆಣ್ಣುಗಳ ಮೇಲೆ ಓಡುತ್ತಿತ್ತು. "ಆ ಮುದುಕಿ ಕೈಸನ್ನಿ ಮಾಡಾಕತ್ತಾಳ! ಉತ್ತರ ರದ್ದು!"

ಕೂಲಿ ಬಿಟ್ಟು ಬಂದಿದ್ದ ಪದ್ಮವ್ವ ಮೊಮ್ಮಗಳಿಗಾಗಿ ಗೆಣ್ಣೆಣಿಸುತ್ತ ಜಪ ಮಾಡುತ್ತಿದ್ದಳು. ನಾಚಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎದುರಾಳಿ ಹುಡುಗಿಯ ತಾಯಿ ಪಕ್ಕಕ್ಕೆ ಬಂದು ಕೂತು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಪ್ರೇಕ್ಷಕರ ನಡುವೆ ಕೂತಿದ್ದ ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಭರತೇಶ, ಹುಡುಗಿ ಬೋರ್ಡ್ ನೋಡಾಕತ್ತಿದ್ಲು. ಅಕಿ ಬೆನ್ನಿಗೆ ಕಣ್ಣದಾವೇನು?"

"ಟೀಚರ್, ನಿಯಮ ಅಂದ್ರ..."

"ನಿನಗ ಗಣಿತಾ ಕಲಿಸಿದಾಕಿ ನಾನು, ನನಗ ನಿಯಮ ಹೇಳಬ್ಯಾಡ! ಬ್ಯಾರೆ ಸಂಖ್ಯಾ ಬರಿ. ಮೂರರಿಂದ ಹೋಗತೈತೋ ಇಲ್ಲೋ ಅಕಿ ಹೇಳ್ಲಿ. ಪದ್ಮವ್ವಾ, ನೀವು ಜಪಾ ಬಿಡಬ್ಯಾಡ್ರಿ."

ಅವನು ಇನ್ನೂ ಉದ್ದದ ಸಂಖ್ಯೆ ಬರೆದ. ಪ್ರಣಾಲಿ ಗೆಣ್ಣುಗಳ ಮೇಲೆಯೇ ಎಣಿಸಿ ಸರಿಯಾಗಿ ಹೇಳಿದಳು. ಅವನು ಅವಳೇ ಗೆದ್ದಳೆಂದು ಘೋಷಿಸಿ, ಯಾರನ್ನೂ ನೋಡದೆ ಬಾಗಿಲಿನತ್ತ ಹೊರಟ.

ನಾನು ಅಡ್ಡ ನಿಂತೆ. "ಮುದುಕಿ ಅಂದ್ಯಲ್ಲಾ, ಅದ ಬಾಯಿಂದ ತಪ್ಪಾತು ಅಂತ ಪದ್ಮವ್ವನ ಮುಂದ ಹೇಳು. ಆಮ್ಯಾಲೆ ಹೋಗು."